ಇನಿಷಿಯಲ್ ಬಿಡಿಸುವ ಚಪಲ

ಬೆಂಗಳೂರಿನ ಆರ್.ಟಿ. ನಗರದಲ್ಲಿ ಹತ್ತಾರು ವರ್ಷ ಬಾಳಿದವರಲ್ಲೂ ಆ ಎರಡಕ್ಷರ ಯಾರ ಹೆಸರೆಂದು ಥಟ್ಟನೆ ಹೇಳುವವರು ಕಡಿಮೆ. ರವೀಂದ್ರನಾಥ ಟ್ಯಾಗೋರರದು. ವಂಗಕವಿಯನ್ನೂ ನಾವು ಹಳೇ ಮೈಸೂರಿನ ಪದ್ಧತಿಗೆ ಒಗ್ಗಿಸಿ, ಮನೆತನವನ್ನು ಒಂದಕ್ಷರದೊಳಗೆ ಮಡಿಚಿಟ್ಟಿದ್ದೇವೆ. ಈ ಸೀಮೆಯಲ್ಲಿ ಬಹಳ ಜನಕ್ಕೆ ಸರ್‌ನೇಮ್ ಎಂಬುದೇ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು, ಆಮೇಲೆ ಹೆಸರು. ಹುಬ್ಬಳ್ಳಿ ಕಡೆಯ ಪಾಟೀಲ, ಕುಲಕರ್ಣಿ, ಬಡಿಗೇರರ ಹಾಗೆ, ಕರಾವಳಿಯ ಭಟ್, ಶೆಟ್ಟಿ, ಪೂಜಾರಿಗಳ ಹಾಗೆ ಕುಲವನ್ನೋ ಕಸುಬನ್ನೋ ಹೆಸರಿನ ಬೆನ್ನಿಗೆ ಕಟ್ಟಿಕೊಂಡು ಓಡಾಡಬೇಕಿಲ್ಲ. ಹುಬ್ಬಳ್ಳಿ ಕಡೆ ‘ಅಡ್ಡಹೆಸರು’ ಅಂದರೆ ಮನೆತನದ ಹೆಸರು. ನಮ್ಮಲ್ಲಿ ಗೆಳೆಯರು ಗೇಲಿಗೆ ಇಟ್ಟದ್ದು. ಹಾಗಾದರೆ ಮನೆತನದ ಹೆಸರು ನೋಡಿ ಕೆಲಸ ಕೊಡುವ ಚಾಳಿ ಹೆಬ್ಬಾಳ, ಯಲಹಂಕದ ಕಡೆ ಇರಬಾರದಲ್ಲ?

ಇದೆ. ನನ್ನೊಳಗೇ ಇದೆ.

ನಾಗವಾರದ ಹತ್ತಿರದ ಒಂದು ಕಚೇರಿಗೆ ಅರ್ಜಿ ಸೋಸಿಕೊಡಲು ಕೂತಿದ್ದೆ. ಆನ್‌ಲೈನ್ ಫಾರಂಗಳು ‘ಲಾಸ್ಟ್ ನೇಮ್’ ಎಂಬ ಚೌಕ ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಪಾಪ, ನಮ್ಮ ಹುಡುಗರು ಅಲ್ಲಿ ಅಪ್ಪನ ಹೆಸರನ್ನೇ ಬರೆದಿದ್ದರು. ಒಂದು ಅರ್ಜಿಯಲ್ಲಿನ ಅಪ್ಪನ ಹೆಸರು ನಮ್ಮ ಕಡೆಯದು ಅನ್ನಿಸಿತು. ಆ ಅರ್ಜಿಯಲ್ಲಿ ಎರಡು ಕಾಗುಣಿತದ ತಪ್ಪಿದ್ದವು. ಹಳ್ಳಿ ಹುಡುಗ, ಕಲಿತುಕೊಳ್ಳುತ್ತಾನೆ ಎಂದುಕೊಂಡು ಮೇಲಿನ ಕಟ್ಟಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಅಂಥದ್ದೇ ತಪ್ಪಿನ ಇನ್ನೊಂದು ಅರ್ಜಿ ಬಂತು. ನಿಗಾ ಇಲ್ಲದವನು ಎಂದು ಕೆಳಗಿಟ್ಟೆ. ಆ ಹೆಸರಿನಿಂದ ನನಗೆ ಯಾವ ಊರೂ ಯಾವ ಮನೆಯೂ ನೆನಪಾಗಿರಲಿಲ್ಲ. ಸಂಜೆ ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿ ನಿಂತಲ್ಲೇ ನಿಂತಾಗ ಇದು ಹೊಳೆಯಿತು. ದ್ವೇಷ ನನಗೆ ಎಳ್ಳಷ್ಟೂ ಇರಲಿಲ್ಲ. ಕನಿಕರ ಮಾತ್ರ ಒಂದೇ ಕಡೆ ಹರಿದಿತ್ತು.

ಪಕ್ಷಪಾತವೆಂದರೆ ಯಾರನ್ನೋ ಕಂಡು ಮುಖ ಸಿಂಡರಿಸುವುದು ಎಂದು ತಿಳಿದಿರುವುದರಿಂದಲೇ ನಾವೆಲ್ಲ ನಮ್ಮನ್ನು ಅದರಿಂದ ಹೊರಗಿಟ್ಟುಕೊಳ್ಳುತ್ತೇವೆ. ಅದು ಬಹುಪಾಲು ಬರುವುದು ಒಲವಿನ ವೇಷದಲ್ಲಿ, ‘ನಮ್ಮೋರು’ ಎಂಬ ಮಾತಿನ ಬಿಸುಪಿನಲ್ಲಿ.

ಈ ಒಲವನ್ನು ಅಳೆದವರಿದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪತ್ರಿಕೆಗಳ 548 ಜಾಹೀರಾತುಗಳಿಗೆ 4,808 ಕಲ್ಪಿತ ಅರ್ಜಿ ಕಳಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಹತೆ ಸಮಸಮ, ಬೇರೆಯಾದದ್ದು ಹೆಸರು. ಸಂದರ್ಶನಕ್ಕೆ ಕರೆ ಬರುವ ಸಂಭವದ ಅನುಪಾತವನ್ನು ಮೇಲ್ಜಾತಿಯ ಹಿಂದೂ ಹೆಸರಿಗೆ 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಇಷ್ಟಕ್ಕೇ ನಿಲ್ಲಿಸಿದರೆ ವಾದ ಗೆದ್ದಂತೆ ಕಾಣುತ್ತದೆ. ಆದರೆ ದಿಲ್ಲಿಯ ಸುತ್ತ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 371 ಹುದ್ದೆಗಳಿಗೆ ಇಂಥದ್ದೇ 3,160 ಅರ್ಜಿ ಕಳಿಸಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಜಾತಿಯ ತಾರತಮ್ಯ ಕಾಣಲಿಲ್ಲ, ಮುಸ್ಲಿಂ ಹೆಸರಿನ ವಿರುದ್ಧವೂ ಕಾಣಲಿಲ್ಲ. ಕಾಲ್ ಸೆಂಟರ್ ಕೆಲಸದಲ್ಲಿ ಜಾತಿಯದು ಕಂಡಿತು, ಹಿಂದುಳಿದ ವರ್ಗದ ಹೆಸರುಗಳಿಗೆ ಹೆಚ್ಚಾಗಿ.

ನನಗೆ ಈ ಎರಡನೆಯದೇ ಹೆಚ್ಚು ಕಲಿಸಿತು. ಕೋಡ್ ಓಡುತ್ತದೋ ಇಲ್ಲವೋ ಎಂದು ಓಡಿಸಿ ನೋಡಬಹುದು. ‘ಕಮ್ಯುನಿಕೇಶನ್’, ‘ಆಟಿಟ್ಯೂಡ್’, ‘ನಮ್ಮ ಟೀಮಿಗೆ ಹೊಂದ್ತಾರಾ’ ಇವನ್ನು ಎಲ್ಲಿ ಓಡಿಸಿ ನೋಡುವುದು? ಅಳತೆಗೋಲು ಮಸುಕಾದಲ್ಲೇ ಹೆಸರು ಮಾತಾಡತೊಡಗುತ್ತದೆ. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಂಥ ಕಡೆ ಎರಡೂ ಬಗೆಯ ಕೆಲಸಗಳಿವೆ. ಮೇಲೇರಿದಷ್ಟೂ ಎರಡನೆಯ ಬಗೆಯದೇ ಹೆಚ್ಚು. ಮ್ಯಾನೇಜರನನ್ನು ಯಾರೂ ಕೋಡ್ ನೋಡಿ ಆರಿಸುವುದಿಲ್ಲ.

ಅರಿವಿಲ್ಲದೆ ಆದದ್ದಕ್ಕೆ ನಾನು ಹೊಣೆಯೇ? ‘ಅರಿವಿಲ್ಲದ’ ಎಂಬ ಮಾತಿನಲ್ಲಿ ಎಲ್ಲರಿಗೂ ಒಂದು ನೆಮ್ಮದಿ ಇದೆ. ತಪ್ಪು ನಡೆಯಿತು, ತಪ್ಪಿತಸ್ಥ ಮಾತ್ರ ಇಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈ ನೆಮ್ಮದಿ ಸಿಗುವುದಿಲ್ಲ. ಈರುಳ್ಳಿ ತೂಗುವ ತಕ್ಕಡಿ ತಾನಾಗಿ ವಾಲಿದ್ದರೆ ವರ್ತಕ ಮೋಸಗಾರನಲ್ಲದೆ ಇರಬಹುದು. ಆದರೂ ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ ಮುದ್ರೆ ಹಾಕಿಸಲೇಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದಾಗ ನಿನ್ನ ಮನಸ್ಸಿನಲ್ಲಿ ಏನಿತ್ತಪ್ಪಾ ಎಂದು ಕೇಳುವುದಿಲ್ಲ, ಮುದ್ರೆ ಎಲ್ಲಿ ಎನ್ನುತ್ತಾರೆ. ನನ್ನ ಮನಸ್ಸು ವಾಲಿದ್ದಕ್ಕೆ ನಾನು ಹೊಣೆಯಲ್ಲ ಎಂದು ಒಪ್ಪೋಣ. ವಾಲುತ್ತದೆಂದು ಗೊತ್ತಾದ ಮೇಲೂ ತೂಗುತ್ತಲೇ ಕೂತರೆ ಹೊಣೆ.

ತೂಗುವವರ ಮೇಲಿನ ಈ ಶಂಕೆ ನಮಗೆ ಹೊಸದೂ ಅಲ್ಲ. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯ ಮೇಲೆ ಮಗುವಿನ ಹೆಸರು ಬರೆಯಲು ಬಿಡುವುದಿಲ್ಲ. ಲೆಕ್ಕ ತಿದ್ದುವ ಮೇಷ್ಟರನ್ನೇ ಅಷ್ಟು ಅನುಮಾನಿಸುವ ನಾವು, ಎಚ್.ಆರ್. ಕೋಣೆಯಲ್ಲಿ ಕೂತವರಿಗೆ ಹೆಸರು, ಫೋಟೊ, ಅಪ್ಪನ ಹೆಸರು, ಹುಟ್ಟಿದೂರು ಎಲ್ಲವನ್ನೂ ತಟ್ಟೆಯಲ್ಲಿಟ್ಟು ಕೊಡುತ್ತೇವೆ. ಜಾಲಹಳ್ಳಿಯ ಬಿಇಎಲ್‌ನಲ್ಲಿ, ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಸಂವಿಧಾನದ 16ನೇ ವಿಧಿ ಕಾವಲಿದೆ, ಮೀಸಲಾತಿಯಿದೆ. ಖಾಸಗಿ ಕಚೇರಿಯ ಗೇಟಿನೊಳಗೆ ಆ ವಿಧಿ ಬರುವುದಿಲ್ಲ. ಅಲ್ಲಿ ಕೇಳಿಬರುವುದು ‘ಮೆರಿಟ್’ ಒಂದೇ. ಆ ಮಾತಿಗೂ ನಮ್ಮಲ್ಲಿ ನೂರು ವರ್ಷ ದಾಟಿದೆ: 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನ್ ವಿಶ್ವೇಶ್ವರಯ್ಯನವರ ಆಕ್ಷೇಪವೂ ದಕ್ಷತೆಯ ಬಗ್ಗೆಯೇ ಇತ್ತು. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸುವುದಿಲ್ಲ. ಪ್ರಾಮಾಣಿಕತೆ ಇದ್ದರೆ ಸಾಕೇ ಎಂಬುದಷ್ಟೇ ಪ್ರಶ್ನೆ.

ಮುಂದಿನ ಸಲ ಅರ್ಜಿಗಳ ಮೇಲೆ ಹೆಸರಿನ ಬದಲು ನಂಬರ್ ಹಾಕಿಸಿದೆ. ಮೇಲಿನ ಕಟ್ಟಿಗೆ ಹಾಕಿದ್ದು ಯಾಕೆ, ಕೆಳಗಿಟ್ಟದ್ದು ಯಾಕೆ ಎಂದು ಪ್ರತಿಯೊಂದಕ್ಕೂ ಒಂದು ಸಾಲು ಬರೆದಿಟ್ಟೆವು. ಕೆಲಸ ನಿಧಾನವಾಯಿತು. ಗೊಣಗಾಟವೂ ಆಯಿತು, ಅದರಲ್ಲಿ ಅರ್ಧ ನನ್ನದೇ. ಸಂದರ್ಶನದ ದಿನ ಒಬ್ಬ ಹುಡುಗ ಬಂದು ಕೂತ. ಪಕ್ಕದ ಸಹೋದ್ಯೋಗಿ ಒಳ್ಳೆಯ ಮನುಷ್ಯ, ಹುಡುಗ ಗಾಬರಿಯಾಗಿದ್ದಾನೆಂದು ನೀರಿನ ಲೋಟ ಅವನ ಕಡೆ ಸರಿಸಿದರು.

“ಯಾವೂರಪ್ಪ ನಿಂದು?”

“ಯಲಹಂಕ ಸಾರ್. ಓಲ್ಡ್ ಟೌನ್.”

“ಅದಲ್ಲ. ನೇಟಿವ್ ಯಾವುದು?”