ಕಂಬಳಿಯೊಳಗಿನ ಚೀಲ

ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಮಾತಾಡಿಸಿ ಬರುವುದೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮುಯ್ಯಿ ತೀರಿಸಿದಷ್ಟೇ ಕಟ್ಟುನಿಟ್ಟು. ಬ್ರೆಡ್ಡು, ಬಾಳೆಹಣ್ಣು ಹಿಡಿದು ಬೀಗರು ಬರುತ್ತಾರೆ, ಓಣಿಯವರು ಬರುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾದರೆ ಸಾಕು, ಒಳಗೆ ಗಡಿಬಿಡಿ. “ಚೀಲ ಮುಚ್ಚವಾ, ಮಂದಿ ಬಂದ್ರು” ಎನ್ನುತ್ತಾಳೆ ಅತ್ತೆ. ಹೊರಸಿಗೆ ಜೋತುಬಿದ್ದ ಉಚ್ಚೆಯ ಚೀಲವನ್ನು ಸೊಸೆ ಎತ್ತಿ ಮಾವನ ಮಗ್ಗುಲಲ್ಲಿಟ್ಟು ಮೇಲೆ ಕಂಬಳಿ ಎಳೆಯುತ್ತಾಳೆ. ಬಂದವರು ಚಾ ಕುಡಿದು, ಮಳೆ ಬೆಳೆ ಮಾತಾಡಿ ಎದ್ದು ಹೋಗುವ ತನಕ ಚೀಲ ಅಲ್ಲೇ.

ಕೆಡುವುದು ಆ ಹೊತ್ತಿನಲ್ಲೇ. ಅಮೆರಿಕದ ವೈದ್ಯ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ, ಇವತ್ತಿಗೂ ಅವನ ಹೆಸರಲ್ಲೇ ಕರೆಯುವ, ಮೂತ್ರವನ್ನು ಚೀಲಕ್ಕೆ ಇಳಿಸುವ ಈ ಪೈಪಿಗೆ ಪಂಪು ಇಲ್ಲ, ಮೋಟಾರು ಇಲ್ಲ. ತುದಿಯಲ್ಲೊಂದು ಪುಟ್ಟ ಬಲೂನು. ಅದಕ್ಕೆ 10 ಮಿಲಿಲೀಟರ್‌ನಷ್ಟು ಶುದ್ಧ ನೀರು ತುಂಬಿದರೆ ಪೈಪು ಮೂತ್ರಕೋಶದೊಳಗೆ ನಿಲ್ಲುತ್ತದೆ. ಉಳಿದ ಕೆಲಸವೆಲ್ಲ ಇಳಿಜಾರಿನದು. ಚೀಲ ಕೆಳಗಿದ್ದರೆ ಮೂತ್ರ ಇಳಿಯುತ್ತದೆ, ಮೇಲಿಟ್ಟರೆ ಹಳಸಿದ್ದು ಒಳಕ್ಕೇ ಮರಳುತ್ತದೆ. ಹಿಂದಕ್ಕೆ ಹರಿಯದಂತೆ ಕವಾಟ ಇರುವ ಚೀಲಗಳೂ ಸಿಗುತ್ತವೆ, ನಿಜ. ಆದರೆ ಪೈಪಿನಲ್ಲಿ ನಿಂತದ್ದನ್ನು ಕವಾಟ ತಡೆಯಲಾರದು.

ಪೈಪು ಹಾಕಿದ ಮೇಲೆ ಒಂದೊಂದು ದಿನಕ್ಕೂ ನೂರರಲ್ಲಿ 3ರಿಂದ 7 ಮಂದಿಯ ಮೂತ್ರಕ್ಕೆ ಬ್ಯಾಕ್ಟೀರಿಯಾ ಸೇರುತ್ತದೆ. ತಿಂಗಳು ಕಳೆದರೆ ಹೆಚ್ಚುಕಡಿಮೆ ಎಲ್ಲರಿಗೂ. ಹಾಗಂತ ಮೂತ್ರ ಕದಡಿದ ಕೂಡಲೇ ಮೆಡಿಕಲ್ ಶಾಪಿಗೆ ಓಡಿ ಆಂಟಿಬಯೋಟಿಕ್ ತಂದು ನುಂಗಿಸುವ ನಮ್ಮೂರ ಚಾಳಿ ಸರಿಯಲ್ಲ. ಮುಂದೆ ನಿಜವಾಗಿ ಬೇಕಾದಾಗ ಆ ಗುಳಿಗೆ ಕೈಕೊಡುತ್ತದೆ. ಚಳಿಜ್ವರ ಬಂದರೆ, ಪಕ್ಕೆ ನೋವಾದರೆ, ಮೂತ್ರದಲ್ಲಿ ರಕ್ತ ಕಂಡರೆ, ನೆಟ್ಟಗಿದ್ದ ಮುದುಕ ಇದ್ದಕ್ಕಿದ್ದಂತೆ ಏನೇನೋ ಬಡಬಡಿಸತೊಡಗಿದರೆ ಮಾತ್ರ ಬೆಳಗಾಗಲಿ ಅನ್ನಬಾರದು. ಚೀಲ ಬರಿದಾಗಿಯೇ ಇದ್ದು ಕೆಳಹೊಟ್ಟೆ ಬಿಗಿದರೆ ಮೊದಲು ಪೈಪು ತೊಡೆಯಡಿ ಸಿಕ್ಕು ಮಡಚಿದೆಯೇ ನೋಡಿ, ಇಲ್ಲದಿದ್ದರೆ ಹೊರಡಬೇಕು.

ಮನೆಗೆ ಕಳಿಸುವಾಗ ನರ್ಸ್ ಹೇಳುವ ಮಾತುಗಳೆಲ್ಲ ಎತ್ತರದ ಕಬ್ಬಿಣದ ಮಂಚಕ್ಕೆ ಹೇಳಿದವು. ನಮ್ಮ ಹೊರಸು ಮೊಳದೆತ್ತರ. 2 ಲೀಟರ್ ಚೀಲ ತೂಗುಹಾಕಿದರೆ ಸಗಣಿ ಸಾರಿಸಿದ ನೆಲಕ್ಕೆ ತಾಗುತ್ತದೆ. ಚಾಪೆಯ ಮೇಲೆ ಮಲಗಿಸಿದರಂತೂ ಚೀಲಕ್ಕೆ ಇಳಿಯಲು ಜಾಗವೇ ಇಲ್ಲ. ಹೊರಸಿನ ಕಾಲಡಿ ಅಲುಗದಂತೆ ಇಟ್ಟಿಗೆ ಕೊಟ್ಟು, ಚೀಲವನ್ನು ತೊಳೆದ ಪ್ಲಾಸ್ಟಿಕ್ ಬಕೀಟಿನಲ್ಲಿ ಇಳಿಬಿಟ್ಟ ಮನೆಗಳಿವೆ. ಇದನ್ನು ಯಾರೂ ಕಲಿಸಿದ್ದಲ್ಲ, ಆ ಮನೆಯ ಹೆಂಗಸರೇ ಕಂಡುಕೊಂಡದ್ದು. ಮೂರರಲ್ಲಿ ಎರಡು ಪಾಲು ತುಂಬುವುದರೊಳಗೆ ಕೈ ತೊಳೆದು, ಅದಕ್ಕೆಂದೇ ಎತ್ತಿಟ್ಟ ಮಗ್ಗಿಗೆ ಬಸಿಯಬೇಕು; ಚೀಲದ ನಲ್ಲಿಯ ಮೂತಿ ಮಗ್ಗಿಗೆ ತಾಗಬಾರದು. ಚೀಲದಿಂದ ಪೈಪನ್ನು ಸುಮ್ಮಸುಮ್ಮನೆ ಬಿಚ್ಚುವಂತಿಲ್ಲ. ಬಸಿಯುವ ಕೆಲಸ ಕಡಿಮೆಯಾಗಲೆಂದು ನೀರು ಕೊಡುವುದನ್ನೇ ಕಡಿಮೆ ಮಾಡುವವರಿದ್ದಾರೆ. ನಮ್ಮ ಬ್ಯಾಸಿಗೆಯಲ್ಲಿ ಅದು ಪೈಪು ಕಟ್ಟಿಕೊಳ್ಳುವುದಕ್ಕೆ ಹಾದಿ. ಹೃದಯ, ಕಿಡ್ನಿ ತೊಂದರೆಯಿಂದ ಡಾಕ್ಟರು ಮಿತಿ ಹಾಕಿರದಿದ್ದರೆ ದಿನಕ್ಕೆ 2 ಲೀಟರಾದರೂ ನೀರು ಹೊಟ್ಟೆಗೆ ಹೋಗಬೇಕು.

ತೊಳೆಯುವ ಕೆಲಸ ಯಾರದು? ಮಾವನ ಮೈಯನ್ನು ಸೊಸೆ ಹೇಗೆ ಮುಟ್ಟಿಯಾಳು? ಅತ್ತೆಗೆ ಬಗ್ಗಲಾಗದು. ಮಗ ಹೊರಗೆ ಕಟ್ಟೆಯ ಮೇಲೆ. ಹೀಗೆ ದಿನಕ್ಕೆ ಎರಡು ಸಲ ಆಗಬೇಕಾದ್ದು ವಾರಕ್ಕೊಮ್ಮೆ ಆಗುತ್ತದೆ. ಎತ್ತಿನ ಮೈ ತಿಕ್ಕಿ ತೊಳೆಯುವ ಕೈಗೆ ಅಪ್ಪನ ಮೈ ತೊಳೆಯಲು ಏನಡ್ಡಿ ಅಂತ ನನಗಂತೂ ತಿಳಿಯದು. ಡೆಟಾಲು, ಪೌಡರು, ಅರಿಶಿನ ಯಾವುದೂ ಬೇಡ. ಸಾಬೂನು ಮತ್ತು ನೀರು ಸಾಕು. ಗಂಡಸರಾದರೆ ಮುಂದೊಗಲು ಸರಿಸಿ ತೊಳೆದು, ಮರೆಯದೆ ಮತ್ತೆ ಮುಂದಕ್ಕೆ ತರಬೇಕು. ಹಾಗೇ ಬಿಟ್ಟರೆ ಬಾತು ಬಿಗಿದು ಇನ್ನೊಂದು ಆಪತ್ತು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಪೈಪನ್ನು ತೊಡೆಗೆ ಸಡಿಲವಾಗಿ ಪ್ಲಾಸ್ಟರ್ ಹಚ್ಚಿ ನಿಲ್ಲಿಸದಿದ್ದರೆ ರಾತ್ರಿ ನಿದ್ದೆಗಣ್ಣಲ್ಲಿ ಬಲೂನಿನ ಸಮೇತ ಕಿತ್ತುಕೊಂಡವರೂ ಇದ್ದಾರೆ.

ಇಷ್ಟೆಲ್ಲ ಆರೈಕೆಗಿಂತ ದೊಡ್ಡದು ಒಂದು ಪ್ರಶ್ನೆ. ಈ ಪೈಪು ಇನ್ನೂ ಬೇಕೇ? ಸೊಂಟ ಮುರಿದಾಗ ಹಾಕಿದ್ದು ಸೊಂಟ ಕೂಡಿದ ಮೇಲೂ ಇರುವುದು, ತೆಗೆಸಲು ಹೋಗುವ ಖರ್ಚಿಗೆ ಅಂಜಿ. ರಬ್ಬರಿನದಾದರೆ ಕೆಲವು ವಾರಕ್ಕೆ, ಸಿಲಿಕಾನಿನದಾದರೆ ಹೆಚ್ಚೆಂದರೆ 12 ವಾರಕ್ಕೆ ಬದಲಿಸಬೇಕು. ಹಾಕಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಬರೆದಿಟ್ಟರೆ ಆ ಲೆಕ್ಕ ತಪ್ಪದು. ಬದಲಿಸಲು ಹೋಗುವುದಾದರೂ ಎಲ್ಲಿಗೆ? ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರದ್ದಾಯಿತು. ರೋಗಿಗಳು ಮಾತ್ರ ಅಂದಿಗೂ ಇಂದಿಗೂ ದಾವಣಗೆರೆ ಬಸ್ಸನ್ನೇ ಹತ್ತುತ್ತಾರೆ. ಅಲ್ಲಿನ ದೊಡ್ಡಾಸ್ಪತ್ರೆಯ ಹೆಸರೂ ನಮ್ಮ ಕಡೆಯ ಊರು ಚಿಗಟೇರಿಯದೇ. ಚೀಲವನ್ನು ತೊಡೆಯ ಮೇಲಿಟ್ಟು ಟವೆಲು ಮುಚ್ಚಿಕೊಂಡು ಹೋಗುವ ಆ ಪಯಣದಲ್ಲೂ ಅದೇ ಕಂಬಳಿಯ ಕಥೆ.

ಈ ಪಯಣ ತಪ್ಪಿಸಬಹುದು. ಕೇರಳ 2008ರಲ್ಲೇ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಗೆ ನೀತಿ ಮಾಡಿತು. ಅಲ್ಲಿ ಪಂಚಾಯಿತಿಯ ನರ್ಸ್ ಮನೆಗೇ ಬಂದು ಪೈಪು ಬದಲಿಸುತ್ತಾಳೆ. ಕನ್ನಡ ಮಾತಾಡುವ ಮಂಜೇಶ್ವರದ ಮನೆಗಳೂ ಅದರೊಳಗೇ ಇವೆ. ನಮ್ಮ ಆರೋಗ್ಯ ಉಪಕೇಂದ್ರಗಳೂ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ (ಸಿಎಚ್‌ಒ) ನರ್ಸಿಂಗ್ ಓದಿದವರೇ ಬಹಳ. ಅವರಿಗೆ ಗೊತ್ತುಮಾಡಿದ ಹನ್ನೆರಡು ಬಗೆಯ ಸೇವೆಗಳಲ್ಲಿ ವೃದ್ಧರ ಮತ್ತು ಹಾಸಿಗೆ ಹಿಡಿದವರ ಆರೈಕೆಯೂ ಒಂದು. ಬಿಪಿ ನೋಡಿಸಲು ಹೋದಾಗ “ಸಿಸ್ಟರ್, ನಮ್ಮಪ್ಪಗ ಪೈಪ್ ಹಾಕ್ಯಾರ, ಒಮ್ಮೆ ಬಂದು ನೋಡ್ರಿ” ಅನ್ನಲು ನಾಚಿಕೆ ಬಿಡಬೇಕು, ಅವರಿಗೆ ಸಾಮಾನು ಒದಗಿಸಿ ಕಳಿಸುವ ಕೆಲಸ ಸರಕಾರ ಮಾಡಬೇಕು.

ಮುಚ್ಚಿಡಲೇಬೇಕು ಅನ್ನುವವರಿಗೆ ಬೇರೆ ದಾರಿಯೂ ಇದೆ. ಕಾಲಿಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಸಣ್ಣ ಚೀಲ ಬರುತ್ತದೆ, ಮೆಡಿಕಲ್ ಶಾಪಿನಲ್ಲಿ ಹೇಳಿದರೆ ತರಿಸಿ ಕೊಡುತ್ತಾರೆ. ಮೇಲೆ ಪಂಚೆ ಉಟ್ಟರೆ ಯಾರಿಗೂ ಕಾಣದು, ಮೂತ್ರಕೋಶಕ್ಕಿಂತ ಕೆಳಗೂ ಇರುತ್ತದೆ. ಬೇಗ ತುಂಬುವುದರಿಂದ ಎರಡು ಮೂರು ತಾಸಿಗೊಮ್ಮೆ ಬಸಿಯಬೇಕು, ರಾತ್ರಿ ಅದರ ತುದಿಗೆ ದೊಡ್ಡ ಚೀಲ ಜೋಡಿಸಬೇಕು. ನಡೆಯುವ ಶಕ್ತಿ ಇದ್ದವರು ಇದನ್ನು ಕಟ್ಟಿಕೊಂಡು ಕೊಟ್ಟೂರೇಶನ ತೇರಿಗೂ ಹೋಗಿ ಬರಬಹುದು.