ದಾರಿ ಕೇಳುವುದು ಅಸಹನೆಯೇ?

ನಡೆಯಲಾರದ ಸಹೋದರನೊಬ್ಬ ಜನಜಂಗುಳಿಯ ನಡುವೆ ಗಾಲಿಕುರ್ಚಿಯಲ್ಲಿ ಕುಳಿತು, 'ಸ್ವಲ್ಪ ದಾರಿ ಬಿಡಿ' ಎಂದು ಗಟ್ಟಿಯಾಗಿ ಕೇಳಿದರೆ ಅದು ಸಬ್ರ್‌ಗೆ ವಿರುದ್ಧವೇ? ಹೌದೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ಅಲ್ಲಾಹನ ಪರೀಕ್ಷೆ, ಸಹಿಸಿಕೋ ಎಂದು ಅವನಿಗೇ ಉಪದೇಶಿಸುತ್ತಾರೆ. ಓದುಗರೇ, ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಕಾಲಿನ ಬಲ ಕುಂದಿದ್ದು ಅಲ್ಲಾಹನ ವಿಧಿ. ದಾರಿಗೆ ಅಡ್ಡ ನಿಂತಿರುವುದು ನಾವು.

ಈ ವ್ಯತ್ಯಾಸ ಮಕ್ಕಾದಲ್ಲಿ ಚೆನ್ನಾಗಿ ತಿಳಿಯುತ್ತದೆ. ಸಫಾ ಮರ್ವಾಗಳ ನಡುವೆ ಏಳು ಬಾರಿ ಸಾಗುವುದೆಂದರೆ ಸುಮಾರು 3 ಕಿಲೋಮೀಟರ್. ಹೋಗುವ ಮತ್ತು ಬರುವ ದಾರಿಗಳ ಮಧ್ಯೆ ಗಾಲಿಕುರ್ಚಿಗಳಿಗೆಂದೇ ಪ್ರತ್ಯೇಕ ಓಣಿಯಿದೆ. ಆದರೆ ಅದು ಖಾಲಿ ಕಂಡರೆ ಕಾಲು ಗಟ್ಟಿಯಿರುವವರೂ ನುಗ್ಗುವುದುಂಟು. ಕುಳಿತವನ ಕಣ್ಣೆದುರಿಗೆ ಇರುವುದು ಇತರರ ಸೊಂಟ, ಚೀಲ, ಮೊಣಕೈ. ನುಗ್ಗುವವರು ಕೆಟ್ಟವರಲ್ಲ, ದುಆದಲ್ಲಿ ಮುಳುಗಿರುತ್ತಾರೆ. ಪಕ್ಕದವನ ನೋವು ಕಾಣದಷ್ಟು ಮುಳುಗುವುದನ್ನು ನಾನಂತೂ ಭಕ್ತಿ ಎನ್ನಲಾರೆ.

ವಿದಾಯದ ಹಜ್ಜ್‌ನಲ್ಲಿ ಅರಫಾದಿಂದ ಹೊರಟಾಗ ಹಿಂದಿನಿಂದ ಒಂಟೆಗಳನ್ನು ಹೊಡೆದೋಡಿಸುವ ಗದ್ದಲ ಪ್ರವಾದಿ(ಸ)ರ ಕಿವಿಗೆ ಬಿತ್ತು. ಅವರು ಚಾಟಿಯಿಂದ ಸನ್ನೆ ಮಾಡಿ, ಶಾಂತರಾಗಿರಿ, ಧಾವಂತದಲ್ಲಿ ಪುಣ್ಯವಿಲ್ಲ ಎಂದು ತಿಳಿಸಿದರು. ಆ ರಾತ್ರಿ ಮುಝ್ದಲಿಫಾದಲ್ಲಿ, ಮೈಭಾರದಿಂದ ನಿಧಾನವಾಗಿ ನಡೆಯುತ್ತಿದ್ದ ಹಜ್ರತ್ ಸೌದಾ(ರ) ನೂಕುನುಗ್ಗಲಿಗೆ ಮುಂಚೆಯೇ ಹೊರಡಲು ಅನುಮತಿ ಕೇಳಿದರು. ಅನುಮತಿ ಸಿಕ್ಕಿತು. ತಾನೂ ಹಾಗೆ ಕೇಳಬೇಕಿತ್ತೆಂದು ಹಜ್ರತ್ ಆಯಿಶಾ(ರ) ಬಳಿಕ ಹಂಬಲಿಸಿದರೆಂದು ಬುಖಾರಿಯಲ್ಲಿದೆ. ಹಜ್ರತ್ ಉಮ್ಮು ಸಲಮ(ರ) ತಮ್ಮ ಅಸ್ವಸ್ಥತೆಯನ್ನು ಹೇಳಿಕೊಂಡಾಗ, ಜನರ ಹಿಂದಿನಿಂದ ಸವಾರಿಯ ಮೇಲೆ ತವಾಫ್ ಮಾಡಲು ಪ್ರವಾದಿ(ಸ) ಸೂಚಿಸಿದರು. ಇವರಾರಿಗೂ ಸುಮ್ಮನಿರೆಂಬ ಉತ್ತರ ಸಿಗಲಿಲ್ಲ.

'ಜನರ ಹಿಂದಿನಿಂದ' ಎಂಬುದನ್ನೂ ಗಮನಿಸಿ. ಸವಾರಿಯಲ್ಲಿರುವವರಿಗೂ ಒಂದು ಹೊಣೆಯಿದೆ. ಕುರ್ಚಿಯ ಪಾದದ ಹಲಗೆ ಮುಂದಿನವನ ಹಿಮ್ಮಡಿಗೆ ಬಡಿದರೆ ಚರ್ಮ ಕಿತ್ತುಬರುತ್ತದೆ. ತಳ್ಳುವವನು ಅವಸರದಲ್ಲಿದ್ದರೆ 'ನಿಧಾನ' ಎನ್ನುವ ಅಧಿಕಾರ ಕುಳಿತವರದು. ಜಮಾಅತ್ ಮುಗಿದೊಡನೆ ಹೊರಡದೆ ಜನಸಂದಣಿ ಕರಗಲು ಬಿಡುವುದು, ಕೆಳಗೆ ಇಕ್ಕಟ್ಟಾದರೆ ಮೇಲಂತಸ್ತಿನ ತವಾಫನ್ನು ಆರಿಸುವುದು ಒಳ್ಳೆಯದು. ಮೇಲೆ ಸುತ್ತು ಉದ್ದ, ಆದರೆ ಉಸಿರಾಡಲು ಜಾಗವಿದೆ. ಇಷ್ಟೆಲ್ಲ ಮಾಡಿದ ಮೇಲೂ ದಾರಿ ಸಿಗದಿದ್ದರೆ ಸಂಕೋಚಪಡದೆ ಕೇಳಿ. ಮುಜುಗರದಿಂದ ಮನೆಯಲ್ಲೇ ಉಳಿಯುವುದಕ್ಕೆ ಸಬ್ರ್ ಎಂಬ ಹೆಸರು ಕೊಡಬೇಡಿ.

ಇನ್ನೊಂದು ಬಗೆಯ ಅವಗಣನೆಯಿದೆ. ಅದು ನೂಕುವುದಕ್ಕಿಂತ ಹೆಚ್ಚು ಚುಚ್ಚುತ್ತದೆ. ಕುಳಿತವರನ್ನು ಬಿಟ್ಟು ತಳ್ಳುವವರೊಡನೆ, 'ಇವರಿಗೆ ಏನಾಗಿದೆ?' ಎಂದು ವಿಚಾರಿಸುವುದು. ಕೇಳದಿದ್ದರೂ ಮಡಿಲಿಗೆ ನಾಣ್ಯ ಹಾಕಿ ಹೋಗುವುದು. ಅವರಿಗೆ ಬೇಕಿದ್ದುದು ಒಂದು ಸಲಾಮ್, ಎರಡಡಿ ಜಾಗ.

ಮಕ್ಕಾ ದೂರವಾಯಿತು, ನಮ್ಮ ಜುಮಾ ಮಸೀದಿಗೇ ಬನ್ನಿ. ಕೆಲವೆಡೆ ಕಮಿಟಿಯವರು ಮುತುವರ್ಜಿಯಿಂದ ಇಳಿಜಾರು ಕಟ್ಟಿಸಿದ್ದಾರೆ. ಶುಕ್ರವಾರ ಅದರ ಮೇಲೆ ಚಪ್ಪಲಿ ರಾಶಿ ಬೀಳುತ್ತದೆ. ದಾರಿಯಿಂದ ಮುಳ್ಳು ಸರಿಸುವುದು ಈಮಾನಿನ ಭಾಗವೆಂದು ಮದ್ರಸದ ಪುಟ್ಟ ಮಗುವೂ ಬಾಯಿಪಾಠ ಒಪ್ಪಿಸುತ್ತದೆ. ನಮಾಝ್ ಮುಗಿದು ಎಲ್ಲರೂ ಬಾಗಿಲಿಗೆ ನುಗ್ಗುವಾಗ ಗಾಲಿಕುರ್ಚಿಯವರು ಗೋಡೆ ಬದಿಯಲ್ಲಿ ಕಾಯುತ್ತಾರೆ. ಜನ ಚದುರಿದ ಮೇಲೆ ಹೊರಗೆ ಬಂದರೆ ಇಳಿಜಾರಿನ ಬುಡದಲ್ಲಿ ಬೈಕೊಂದು ಅಡ್ಡ ನಿಂತಿರುತ್ತದೆ. ಅದರ ಯಜಮಾನ ಒಳಗೆ ಸುನ್ನತ್ ನಮಾಝ್ ಮಾಡುತ್ತಿರುತ್ತಾನೆ.