ನೀರೊಲ್ಲದ ಮಣ್ಣು

ನಮ್ಮ ಕೋಲಾರದ ಕಡೆ ಬೇಸಿಗೆಯಲ್ಲಿ ನೀಲಗಿರಿ ತೋಪಿನ ತರಗೆಲೆ ಸರಿಸಿ ಮಣ್ಣಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಎಷ್ಟೋ ಕಡೆ ಅದು ಇಂಗುವುದಿಲ್ಲ. ಕೆಸುವಿನ ಎಲೆಯ ಮೇಲಿದ್ದಂತೆ ಗುಂಡಗೆ ಕೂತು, ಮೈಗೆಲ್ಲ ಧೂಳು ಮೆತ್ತಿಕೊಂಡು ಉರುಳುತ್ತದೆ. ಮಣ್ಣುವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿಕೊಂಡಿದ್ದಾರೆ: ಹನಿ 5 ಸೆಕೆಂಡಿನೊಳಗೆ ಇಂಗಿದರೆ ಮಣ್ಣು ನೀರನ್ನು ಒಪ್ಪಿತು, ಗಂಟೆ ಕಳೆದರೂ ಕೂತೇ ಇದ್ದರೆ ಅದು ನೀರನ್ನು ಒಲ್ಲದ ಮಣ್ಣು.

ಎಲೆ, ತೊಗಟೆ, ಬೇರುಗಳ ಮೇಣ ಮತ್ತು ಎಣ್ಣೆಯಂಶ, ಅವನ್ನು ಕೊಳೆಸುವ ಶಿಲೀಂಧ್ರಗಳ ಅಂಟು, ಇವೆಲ್ಲ ಮಣ್ಣಿನ ಕಣಗಳಿಗೆ ತೆಳ್ಳಗೆ ಸವರಿಕೊಳ್ಳುತ್ತವೆ. ಮರಳು ಹೆಚ್ಚಿರುವ ಮಣ್ಣಿಗೆ ಸ್ವಲ್ಪ ಮೇಣವೇ ಸಾಕು, ಕಣಗಳ ಒಟ್ಟು ಮೈ ಕಡಿಮೆಯಲ್ಲವೇ. ಬೆಂಕಿ ಬಿದ್ದರೆ ಇನ್ನೂ ಕಷ್ಟ. ಮೇಣ ಆವಿಯಾಗಿ ಕೆಳಗಿಳಿದು, ತಂಪಾದ ಪದರದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಮೇಲೆ ಬೂದಿ, ಅಡಿಯಲ್ಲಿ ಕಾಣದ ಮುಚ್ಚಳ. ಮೊದಲ ಜೋರು ಮಳೆಗೆ ಇಳಿಜಾರಿನ ಮಣ್ಣೇ ಎದ್ದು ಹೋಗುತ್ತದೆ.

ಇಷ್ಟು ಕೇಳಿದವರು ನೀಲಗಿರಿಯನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ನನಗೆ ಅಷ್ಟು ಸುಲಭಕ್ಕೆ ಮನಸ್ಸು ಬರುವುದಿಲ್ಲ. ಪೈನ್ ಮರದಡಿಯೂ ಹೀಗಾಗುತ್ತದೆ, ಒಣಗಿದ ಹುಲ್ಲುಗಾವಲಲ್ಲೂ ಆಗುತ್ತದೆ. ಸೋನೆ ಮಳೆ ಬಿಡದೆ ಹಿಡಿದರೆ ಅದೇ ಮಣ್ಣು ನಿಧಾನವಾಗಿ ಪಟ್ಟು ಸಡಿಲಿಸಿ ಕುಡಿಯತೊಡಗುತ್ತದೆ. ಮೇಲ್ಪದರ ಒಣಗಿದ್ದರೆ ಕೆಳಗಿನ ತೇವ ಆವಿಯಾಗುವುದು ಕಡಿಮೆ. ಸುರಿದ ನೀರು ಬಿರುಕು ಹಿಡಿದು ಆಳದ ಬೇರಿಗೆ ಇಳಿಯುತ್ತದೆ. ಹಾಗಾಗಿ ಇದು ಮರಕ್ಕೇ ಅನುಕೂಲವಿರಬಹುದು ಎನ್ನುವ ವಿಜ್ಞಾನಿಗಳೂ ಇದ್ದಾರೆ. ಮರ ತನ್ನ ಬಾಳು ತಾನು ನೋಡಿಕೊಂಡಿತು. ತಪ್ಪು ಹುಡುಕಲೇಬೇಕೆಂದರೆ, ಅದನ್ನೊಂದನ್ನೇ ಸಾಲುಸಾಲಾಗಿ ನೆಟ್ಟ ಕೈಯಲ್ಲಿ ಹುಡುಕಬೇಕು.

ಆ ಕೈಯನ್ನು ನಮ್ಮ ರೈತರು ಹಿಡಿದು ಕೇಳಿದ್ದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಊರಿದರು. 1987ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ಸತ್ಯಾಗ್ರಹಕ್ಕೆ 'ಕಿತ್ತಿಕೋ–ಹಚ್ಚಿಕೋ' ಎಂದೇ ಹೆಸರು. ಬರೀ ಕೀಳುವುದಲ್ಲ, ಹಚ್ಚುವುದೂ ಉಂಟು. ಗೋಮಾಳ ಯಾರದು, ಈ ಮರ ಯಾರಿಗಾಗಿ ಎಂಬುದು ಅವರ ಪ್ರಶ್ನೆ. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ಈಗ ನಾನಿರುವುದು ನಾಸಿಕದ ಪಂಚವಟಿಯಲ್ಲಿ. ಊರಿನ ಹೆಸರೇ ಐದು ಮರ. ಸೀತಾ ಗುಹೆಯ ಬಳಿ ಹಳೆಯ ಆಲದ ಮರಗಳನ್ನು ಯಾತ್ರಿಕರಿಗೆ ತೋರಿಸುತ್ತಾರೆ. ಪಕ್ಕದ ತಪೋವನದಲ್ಲಿ, 2027ರ ಕುಂಭಮೇಳದ ಸಾಧುಗ್ರಾಮಕ್ಕಾಗಿ ನೂರಾರು ಮರ ತೆಗೆಯುವ ಪ್ರಸ್ತಾಪ 2025ರ ಕೊನೆಗೆ ಬಂದಾಗ ಊರೇ ಎದ್ದಿತು. ಕಡಿದದ್ದಕ್ಕೆ ಹಲವು ಪಟ್ಟು ಸಸಿ ಬೇರೆಡೆ ನೆಡುತ್ತೇವೆ ಎಂಬ ಸಮಾಧಾನವೂ ಜೊತೆಗೇ ಬಂತು.

ಸಾಧುಗಳಿಗೆ ತಂಗಲು ಜಾಗ ಬೇಡವೇ? ಖಂಡಿತ ಬೇಕು. ಆದರೆ ಇಲ್ಲಿಯ ನಷ್ಟವನ್ನು ಅಲ್ಲಿ ತೀರಿಸಬಹುದೆಂಬ ಲೆಕ್ಕ ನನಗೆ ಒಗ್ಗುವುದಿಲ್ಲ. ಸಾಲವನ್ನು ಕೊಟ್ಟವನಿಗೇ ತೀರಿಸಬೇಕಲ್ಲವೇ, ಬೀದಿಯಲ್ಲಿ ಸಿಕ್ಕ ಇನ್ನೊಬ್ಬನಿಗಲ್ಲ. ಹಳೆಯ ಮರದಡಿ ಎರೆಹುಳು ಕೊರೆದ ದಾರಿ, ಸತ್ತ ಬೇರು ಬಿಟ್ಟುಹೋದ ಕೊಳವೆ, ಹೀಗೆ ನೀರು ಇಳಿಯಲು ನೂರು ಬಾಗಿಲು. ಇಲ್ಲಿನ ಕಪ್ಪು ಜೇಡಿಮಣ್ಣಿಗೆ ನಮ್ಮೂರಿನಷ್ಟು ಬೇಗ ಮೇಣ ಹತ್ತುವುದಿಲ್ಲ. ಆದರೆ ಲಾರಿ ಓಡಿ, ಲಕ್ಷ ಪಾದ ತುಳಿದರೆ ಆ ಬಾಗಿಲುಗಳು ಮುಚ್ಚುತ್ತವೆ. ರಾಮಕುಂಡದ ಸುತ್ತ ಹಾಕಿದ ಕಾಂಕ್ರೀಟ್ ಅಂತೂ ಎಷ್ಟು ಸೋನೆ ಹಿಡಿದರೂ ಬೋರ್ಗಲ್ಲೇ.

ನೆಡುವ ಸಸಿ ಯಾವ ಜಾತಿಯದು, ಯಾವ ಮಣ್ಣಿಗೆ, ಮೂರನೆಯ ಬೇಸಿಗೆಗೆ ನೀರು ಹಾಕುವವರು ಯಾರು? ಸಭೆಗೆ ಹೋದಾಗ ನಾನು ಕೇಳುವುದು ಇಷ್ಟೇ, ಅದೂ ನನ್ನ ಹರಕು ಮರಾಠಿಯಲ್ಲಿ.